ಬಿದನೂರಿನ ಕಥೆ ಐದು ಜನರ ಬಾಯಲ್ಲಿ: ಯಾರನ್ನು ನಂಬಿ ಓದೋದು?

ಹೊಸನಗರದ ಓದುಗಿ:
ಎಲ್ಲರಿಗೂ ನಮಸ್ಕಾರ. ನಮ್ಮ ಓದುಗರ ಬಳಗದ ಹಿರಿಯರೊಬ್ಬರು ಬರೆದ ಕಾದಂಬರಿಯ ಕರಡು ನನ್ನ ಕೈಯಲ್ಲಿದೆ. ಇನ್ನೂ ಅಚ್ಚಾಗಿಲ್ಲ, ಹಾಗಾಗಿ ಹೆಸರು ಹೇಳುವುದಿಲ್ಲ. 1763ರಲ್ಲಿ ಹೈದರಾಲಿ ಕೆಳದಿ ನಾಯಕರ ರಾಜಧಾನಿ ಬಿದನೂರು ಹಿಡಿದ ಕಥೆ. ಐದು ಜನ ಹೇಳುತ್ತಾರೆ: ರಾಣಿ ವೀರಮ್ಮಾಜಿಯ ದಾಸಿ, ಹೈದರನ ದಂಡಿನ ಒಬ್ಬ ಸವಾರ, ಸೆರೆಯಲ್ಲಿದ್ದ ಹಳೇ ಮಂತ್ರಿ, ಚಿತ್ರದುರ್ಗದ ಕಡೆಯಿಂದ ಬಂದ ಯುವಕ, ನಾಣ್ಯ ಹೊಡೆಯುವ ಟಂಕಸಾಲೆಯ ಅಕ್ಕಸಾಲಿ.

ಕೋಟೆ ನಮ್ಮ ತಾಲ್ಲೂಕಿನಲ್ಲೇ ಇದೆ. ದೇವಗಂಗೆ ಕೊಳ, ಕೋಟೆಯ ಬಾಗಿಲು ಎಲ್ಲ ಚಿಕ್ಕಂದಿನಿಂದ ನೋಡಿದ್ದೇನೆ. ಅದಕ್ಕೇ ಏನೋ, ಕಥೆ ಬೇಗ ಒಳಗೆ ಎಳೆದುಕೊಂಡಿತು. ಆದರೆ ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ. ಎಳೆಯ ದೊರೆ ಚೆನ್ನಬಸಪ್ಪ ನಾಯಕ ಸತ್ತ ಅಂತ ದಾಸಿ ಅಳುತ್ತಾ ಹೇಳುತ್ತಾಳೆ. ಎರಡು ಅಧ್ಯಾಯ ಆದಮೇಲೆ ಆ ಯುವಕ "ನಾನೇ ಚೆನ್ನಬಸಪ್ಪ" ಅನ್ನುತ್ತಾನೆ. ಇಬ್ಬರ ಮಾತೂ ಎದೆಗೆ ತಾಕುತ್ತೆ. ಇಬ್ಬರನ್ನೂ ನಂಬಿಬಿಟ್ಟೆ! ಬಳಗದ ಭಾನುವಾರದ ಸಭೆಯಲ್ಲಿ ಚರ್ಚೆ ನಾನೇ ಶುರು ಮಾಡಬೇಕು. ಒಬ್ಬೊಬ್ಬರ ಅಧ್ಯಾಯಗಳನ್ನು ಬೇರೆ ಬೇರೆ ತೆಗೆದು ಓದಲಾ? ಚರಿತ್ರೆಯಲ್ಲಿ ನಿಜವಾಗಿ ಏನಾಯಿತು ಅಂತ ಮೊದಲು ತಿಳಿದುಕೊಳ್ಳಲಾ?

ತೀರ್ಥಹಳ್ಳಿ ತೋಟದವ:
ಬೇರೆ ಬೇರೆ ತೆಗೀಬೇಡಿ ಅಕ್ಕ. ದಾಸಿಯ ಅಳು ಕೇಳಿದ ಮೇಲೆ ಯುವಕ ಬಾಯಿ ಬಿಡಬೇಕು ಅಂತ ಬರೆದವರು ಯೋಚನೆ ಮಾಡಿಯೇ ಜೋಡಿಸಿರುತ್ತಾರೆ. ಆ ಸಾಲು ಮುರಿದರೆ ಅರ್ಧ ಕಾದಂಬರಿ ಹೋಯಿತು. ಒಂದು ಹಾಳೆಯಲ್ಲಿ ಯಾರು, ಎಲ್ಲಿ ನಿಂತು, ಯಾವಾಗ ಹೇಳಿದರು ಅಂತ ಬರೆದಿಟ್ಟುಕೊಳ್ಳಿ ಸಾಕು.

ಸಾಗರದ ಮೇಷ್ಟ್ರು:
ತಂಗೀ, ಚರಿತ್ರೆ ನೋಡಿದರೆ ಗಂಟು ಬಿಚ್ಚುತ್ತೆ ಅಂದುಕೊಳ್ಳಬೇಡಿ. ಅಲ್ಲೂ ಇದೇ ಗಂಟು ಇದೆ. ವಿಲ್ಕ್ಸ್ ಬರೆದ ಮೈಸೂರು ಚರಿತ್ರೆಯ ಮೊದಲ ಸಂಪುಟ 1810ರಲ್ಲಿ ಬಂತು. ರಾಣಿಯೇ ಹುಡುಗನನ್ನು ಕೊಲ್ಲಿಸಿದಳು ಅನ್ನೋದು ಅವನು ಹೇಳುವ ಕಥೆ. ಅವನು ಇಂಗ್ಲಿಷರ ಅಧಿಕಾರಿ, ಬರೆದದ್ದು ಬಿದನೂರು ಬಿದ್ದು ನಲವತ್ತಕ್ಕೂ ಜಾಸ್ತಿ ವರ್ಷ ಆದಮೇಲೆ. ಇತ್ತ ಚಿತ್ರದುರ್ಗದ ನಾಯಕರು, ಹುಡುಗ ಬದುಕಿದ್ದಾನೆ, ಇವನೇ ಅವನು ಅಂತ ಒಬ್ಬನನ್ನು ಹೈದರನ ಮುಂದೆ ನಿಲ್ಲಿಸಿದರು. ಅವನಿಗೆ ಗಾದಿ ಕೊಡಿಸುವ ಹೆಸರಿನಲ್ಲಿ ಹೈದರನ ದಂಡು ಬಿದನೂರಿನ ಮೇಲೆ ಬಂತು. ಊರು ಕೈಗೆ ಬಂದಮೇಲೆ ಗಾದಿ ಅವನಿಗೆ ಸಿಗಲಿಲ್ಲ. ಊರಿಗೇ ಹೈದರ್ ನಗರ ಅಂತ ಹೆಸರಾಯಿತು, ಇವತ್ತಿನ ನಗರ ಅದೇ. ರಾಣಿಯನ್ನೂ, ಚೆನ್ನಬಸಪ್ಪನ ನಂತರ ಅವಳು ದತ್ತು ತೆಗೆದುಕೊಂಡಿದ್ದ ಇನ್ನೊಬ್ಬ ಹುಡುಗನನ್ನೂ ಹಿಡಿದು ಮಧುಗಿರಿಯಲ್ಲಿ ಸೆರೆ ಇಟ್ಟರು.

ಈಗ ನೋಡಿ. ಹುಡುಗ ಸತ್ತಿದ್ದರೆ ರಾಣಿ ಕೊಲೆಗಾತಿ, ಬದುಕಿದ್ದರೆ ಹೈದರ್ ನ್ಯಾಯವಂತ. ಎರಡು ಕಥೆಯೂ ರಾಣಿಯನ್ನು ಇಳಿಸೋಕೆ ಚೆನ್ನಾಗಿ ಕೆಲಸಕ್ಕೆ ಬಂದವು. ಹಾಗಾಗಿ ಯಾರು ನಿಜ ಹೇಳಿದರು ಅಂತ ಹುಡುಕುವ ಮೊದಲು ಒಂದು ಕೆಲಸ ಮಾಡಿ. ಪೆನ್ಸಿಲ್ ಹಿಡಿದು ಓದಿ. ಹೇಳುವವರು ಕಣ್ಣಾರೆ ಕಂಡದ್ದಕ್ಕೆ ಒಂದು ಗುರುತು, ಬೇರೆಯವರಿಂದ ಕೇಳಿದ್ದಕ್ಕೆ ಇನ್ನೊಂದು. ಮಕ್ಕಳಿಗೆ ಪಾಠ ಮಾಡುವಾಗ ನಾನು ಹೀಗೇ ಮಾಡಿಸುತ್ತಿದ್ದೆ.

ಅಕ್ಕಸಾಲಿಯ ಭಾಗವನ್ನು ಮಾತ್ರ ಅವಸರದಲ್ಲಿ ದಾಟಬೇಡಿ. ಹೈದರ್ ಹೊಡೆಸಿದ ಚಿನ್ನದ ವರಹದಲ್ಲಿ ಇಕ್ಕೇರಿ ವರಹದ, ಅಂದರೆ ಕೆಳದಿ ನಾಯಕರ ಹಳೇ ನಾಣ್ಯದ, ಶಿವ ಪಾರ್ವತಿಯರೇ ಉಳಿದರು. ಹಿಂಬದಿಯಲ್ಲಿ ಅವನ ಹೆಸರಿನ ಮೊದಲ ಅಕ್ಷರ, ಪರ್ಷಿಯನ್ನಿನಲ್ಲಿ. ಅಚ್ಚು ಕೊರೆದವನ ಕೈಗೆ ದೊರೆ ಬದಲಾದದ್ದು ಅಷ್ಟೇ ಜಾಗದಲ್ಲಿ ತಿಳಿದಿರಬೇಕು. ಲೇಖಕರು ಇವನನ್ನು ಆರಿಸಿಕೊಂಡದ್ದು ನನಗೆ ತುಂಬ ಹಿಡಿಸಿತು.

ನಗರ ರಸ್ತೆ:
ತೋಟದವರ ಮಾತಿಗೆ ನನ್ನ ಒಪ್ಪಿಗೆ ಅರ್ಧ. ಮೊದಲ ಸಲ ಸಾಲಾಗಿಯೇ ಓದಿ. ಎರಡನೇ ಸಲ ದಾಸಿಯ ಅಧ್ಯಾಯಗಳನ್ನಷ್ಟೇ ಒಟ್ಟಿಗೆ ಓದಿ ನೋಡಿ. ಮಧುಗಿರಿಯ ಸೆರೆಯಲ್ಲಿ ಕೂತು ನೆನೆಸಿಕೊಳ್ಳುವವಳ ಮಾತು, ಅರಮನೆಯಲ್ಲಿ ಇದ್ದವಳ ಮಾತು ಎರಡೂ ಒಂದೇ ಥರ ಇದ್ದರೆ ಅದು ಬರವಣಿಗೆಯ ಸೋಲು.

ಇನ್ನೊಂದು ನನ್ನ ತಕರಾರು. ಐವರೂ ಅರಮನೆಗೋ ದಂಡಿಗೋ ಸೇರಿದವರು. ಹುಲಿಕಲ್ ಘಟ್ಟದಲ್ಲಿ ಅಡಿಕೆ, ಮೆಣಸು, ಅಕ್ಕಿ ಹೇರಿಕೊಂಡು ಎತ್ತು ಹೊಡೆಯುತ್ತಿದ್ದವನು ಎಲ್ಲಿ? ಬಿದನೂರು ಸಿರಿವಂತ ಆದದ್ದು ಅವನ ಬೆನ್ನ ಮೇಲೆ ಅಲ್ವಾ? ಊರು ಹೊತ್ತಿ ಉರಿದ ದಿನ ಅವನು ಎತ್ತುಗಳನ್ನು ಎಲ್ಲಿಗೆ ಹೊಡೆದುಕೊಂಡು ಹೋದ? ನನಗೆ ಅದು ಬೇಕು.

ಹೊಸನಗರದ ಓದುಗಿ:
ಮೇಷ್ಟ್ರೇ, ನಿನ್ನೆ ರಾತ್ರಿ ಪೆನ್ಸಿಲ್ ಹಿಡಿದು ಕೂತೆ. ದಾಸಿ ಹುಡುಗನ ಹೆಣ ನೋಡಿಯೇ ಇಲ್ಲ! ಬಚ್ಚಲ ಬಾಗಿಲ ಹೊರಗೆ ನಿಂತಿದ್ದಳು. ಒಳಗೆ ಬಿಂದಿಗೆ ಉರುಳಿದ ಸದ್ದು ಕೇಳಿದಳು, ಅಷ್ಟೇ. ಆಮೇಲಿನದೆಲ್ಲ ಉಳಿದ ಹೆಂಗಸರು ಹೇಳಿದ್ದು. ಆ ಯುವಕನೂ ಅರಮನೆಯ ಒಳಗಿನ ಒಂದೇ ಒಂದು ಕೋಣೆಯ ಹೆಸರು ಹೇಳುವುದಿಲ್ಲ. ಹೊರಗಿನ ಬಾಗಿಲು, ಕೊಳ, ಬೀದಿ, ಊರಿಗೆ ಬಂದ ಯಾರಾದರೂ ಕಾಣಬಹುದಾದದ್ದು ಮಾತ್ರ. ಇಬ್ಬರೂ ಸುಳ್ಳು ಹೇಳುತ್ತಿಲ್ಲ ಅನ್ನಿಸುತ್ತೆ, ಇಬ್ಬರಿಗೂ ಗೊತ್ತಿಲ್ಲ. ಹಳೇ ಮಂತ್ರಿ ಯುವಕನ ಮುಖ ನೋಡಿ ಸುಮ್ನೆ ತಲೆ ತಗ್ಗಿಸುವ ಒಂದು ಪುಟ ಇದೆ. ಭಾನುವಾರ ಆ ಪುಟವನ್ನೇ ಗಟ್ಟಿಯಾಗಿ ಓದಿ ಚರ್ಚೆ ಶುರು ಮಾಡುತ್ತೇನೆ. ಎತ್ತಿನವನ ಮಾತನ್ನು ಲೇಖಕರ ಕಿವಿಗೆ ಹಾಕಿದ್ದೇನೆ. ಘಟ್ಟದ ದಾರಿ, ಹೇರಿನ ವಿಚಾರ ಗೊತ್ತಿರುವವರು ನಿಮ್ಮಲ್ಲಿದ್ದರೆ ಇಲ್ಲೇ ಬರೆಯಿರಿ, ಅವರಿಗೆ ತಲುಪಿಸುತ್ತೇನೆ.