ಕೊಲಾಚ್, ಕೊಲಾಚೆ, ಕೊಲಾಚೆಗಳು: ಕನ್ನಡದಲ್ಲಿ ಹೇಗೆ ಬರೆಯೋಣ?

ಎಲ್ಲರಿಗೂ ನಮಸ್ಕಾರ.

ಅಮೆರಿಕದಲ್ಲಿ ನೆಲೆಸಿದ ಚೆಕ್ ಮತ್ತು ಸ್ಲೊವಾಕ್ ಜನರ ಅಡುಗೆಯ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ತಿಂಡಿಗಳ ಹೆಸರು ಬಂದಾಗಲೆಲ್ಲ ಪೆನ್ನು ನಿಲ್ಲುತ್ತಿದೆ. ಬಲ್ಲವರು ದಾರಿ ತೋರಿಸಬೇಕು.

ಮೊದಲನೆಯದು ಕೊಲಾಚ್. ಹಾಲು, ಬೆಣ್ಣೆ, ಮೊಟ್ಟೆ ಹಾಕಿ ನಾದಿದ ಮೈದಾ ಹಿಟ್ಟನ್ನು ಈಸ್ಟ್ ಹಾಕಿ ಉಬ್ಬಿಸುತ್ತಾರೆ. ಉಂಡೆ ಕಟ್ಟಿ, ನಡುವೆ ಬೆರಳಲ್ಲಿ ಗುಳಿ ಒತ್ತುತ್ತಾರೆ. ಗುಳಿಯೊಳಗೆ ಅರೆದ ಗಸಗಸೆ, ಒಣ ಪ್ಲಮ್, ಏಪ್ರಿಕಾಟ್ ಅಥವಾ ಸಿಹಿ ಬೆರೆಸಿದ ಮೆತ್ತನೆ ಚೀಸ್ ಇಡುತ್ತಾರೆ. ಅವರ ಗಸಗಸೆ ನಮ್ಮದರಂತೆ ಬಿಳಿಯಲ್ಲ, ನೀಲಿ ಬೆರೆತ ಬೂದು ಬಣ್ಣ. ಮೇಲೆ ಬೆಣ್ಣೆ, ಸಕ್ಕರೆ, ಹಿಟ್ಟು ತಿಕ್ಕಿದ ಪುಡಿ ಉದುರಿಸಿ ಓವನ್‌ನಲ್ಲಿ ಬೇಯಿಸುತ್ತಾರೆ. ಆ ಪುಡಿಗೆ ಟೆಕ್ಸಾಸ್‌ನ ಚೆಕ್ಕರು ‘ಪೊಸಿಪ್ಕಾ’ ಎನ್ನುತ್ತಾರೆ.

ಚೆಕ್ ಭಾಷೆಯಲ್ಲಿ ಒಂದಿದ್ದರೆ ಕೊಲಾಚ್, ಹಲವಿದ್ದರೆ ಕೊಲಾಚೆ. 1850ರ ದಶಕದಿಂದ ಟೆಕ್ಸಾಸ್‌ಗೆ ಬಂದ ಚೆಕ್ಕರಲ್ಲಿ ಹೆಚ್ಚಿನವರು ಚೆಕ್ ದೇಶದ ಪೂರ್ವ ಭಾಗವಾದ ಮೊರಾವಿಯಾ ಕಡೆಯವರು. ಅವರ ಈ ಬಹುವಚನವೇ ಅಲ್ಲಿನ ಇಂಗ್ಲಿಷಿನಲ್ಲಿ ಏಕವಚನವಾಗಿ ಕೂತುಬಿಟ್ಟಿತು. ಈಗ ಒಂದಕ್ಕೂ ಕೊಲಾಚೆ, ಉಚ್ಚಾರ ‘ಕೊಲಾಚಿ’, ಹಲವಕ್ಕೆ ‘ಕೊಲಾಚೀಸ್’. ಹಾಗಾದರೆ ನಾನು ‘ಕೊಲಾಚೆಗಳು’ ಎಂದು ಬರೆದರೆ ಬಹುವಚನದ ಮೇಲೆ ಬಹುವಚನ ಹೇರಿದಂತೆ ಆಗುತ್ತಲ್ವಾ? ‘ಶೂಸ್‌ಗಳು’ ಎಂದು ನಾವು ದಿನಾ ಹೇಳುತ್ತೇವೆ, ನಿಜ. ಆದರೂ ಬರಹದಲ್ಲಿ ಕೈ ತಡೆಯುತ್ತದೆ. ಚೆಕ್ ದೇಶದ ತಿಂಡಿಗೆ ಕೊಲಾಚ್, ಟೆಕ್ಸಾಸ್‌ನದಕ್ಕೆ ಕೊಲಾಚೆ ಎಂದು ಬೇರೆ ಬೇರೆ ಇಡುವುದು ನನಗೆ ಸರಿ ಕಾಣುತ್ತದೆ. ತಿಂಡಿಯೂ ಸ್ವಲ್ಪ ಬೇರೆಯೇ. ಮೊರಾವಿಯಾದ ವಲಾಖಿಯಾ ಭಾಗದ ‘ಫ್ರ್ಗಾಲ್’ ಕೂಡ ಕೊಲಾಚ್ ಜಾತಿಯದೇ, ಆದರೆ ತಟ್ಟೆಯಷ್ಟು ಅಗಲ. ಟೆಕ್ಸಾಸ್‌ನದು ಅಂಗೈಯಲ್ಲಿ ಕೂರುತ್ತದೆ.

ಎರಡನೆಯ ತೊಡಕು ದೊಡ್ಡದು. ಡಲ್ಲಾಸ್‌ನಿಂದ ಆಸ್ಟಿನ್‌ಗೆ ಹೋಗುವ ಹೆದ್ದಾರಿಯಲ್ಲಿ ‘ವೆಸ್ಟ್’ ಎಂಬ ಊರಿದೆ. ಚೆಕ್ ಬೇಕರಿಗೆ ಹೆಸರಾದ ಊರು. ಆ ದಾರಿಯಲ್ಲಿ ಓಡಾಡುವ ನಮ್ಮ ಕನ್ನಡಿಗರೂ ಅಲ್ಲಿ ಗಾಡಿ ನಿಲ್ಲಿಸುತ್ತಾರೆ. ಟೆಕ್ಸಾಸ್‌ನಲ್ಲಿ ಎಷ್ಟೋ ಜನ ಸಾಸೇಜ್ ಸುತ್ತಿದ ಬನ್ನಿಗೂ ಕೊಲಾಚೆ ಎಂದೇ ಹೇಳುತ್ತಾರೆ. ಸಸ್ಯಾಹಾರಿಗಳು ಕೇಳಿಕೊಂಡೇ ತಗೋಬೇಕು. ಚೆಕ್ ಮನೆತನದ ಹಿರಿಯರು ಮಾತ್ರ ಇದನ್ನು ಒಪ್ಪುವುದಿಲ್ಲ. ಅದು ಕ್ಲೊಬಾಸ್ನಿಕ್, ಕೊಲಾಚ್ ಅಲ್ಲವೇ ಅಲ್ಲ ಎನ್ನುತ್ತಾರೆ. ‘ಕ್ಲೊಬಾಸಾ’ ಎಂದರೆ ಸಾಸೇಜ್. ಈ ತಿಂಡಿ ಚೆಕ್ ದೇಶದಿಂದ ಬಂದದ್ದೂ ಅಲ್ಲ. 1950ರ ದಶಕದಲ್ಲಿ ವೆಸ್ಟ್‌ನ ವಿಲೇಜ್ ಬೇಕರಿಯಲ್ಲಿ ಹುಟ್ಟಿತು ಎನ್ನುತ್ತಾರೆ. ನನ್ನ ಮನಸ್ಸು ಹಿರಿಯರ ಕಡೆಗೇ ವಾಲುತ್ತದೆ. ಎರಡಕ್ಕೂ ಒಂದೇ ಹೆಸರಾದರೆ ಗಸಗಸೆಯ ಹಳೆಯ ಕೊಲಾಚ್ ಮೆಲ್ಲಗೆ ಮೂಲೆ ಸೇರುತ್ತದೆ. ಆದರೆ ಅಂಗಡಿ ಬೋರ್ಡಿನಲ್ಲಿ ಕೊಲಾಚೆ ಎಂದೇ ಇದ್ದಾಗ, ಕನ್ನಡ ಓದುಗರಿಗೆ ನಾನು ಕ್ಲೊಬಾಸ್ನಿಕ್ ಎಂದು ಬರೆದರೆ ದಾರಿ ತಪ್ಪಿಸಿದಂತೆ ಆಗುವುದಿಲ್ಲವೇ?

ಸ್ಲೊವಾಕ್ ಕಡೆಯದು ‘ಹಲುಷ್ಕಿ’. ಸ್ಲೊವಾಕಿಯಾದಲ್ಲಿ ಹಸಿ ಆಲೂಗಡ್ಡೆ ತುರಿದು, ಹಿಟ್ಟು ಕಲಸಿ, ಚಿಕ್ಕ ಚಿಕ್ಕ ತುಣುಕು ಮಾಡಿ ಕುದಿಯುವ ನೀರಿಗೆ ಬಿಡುತ್ತಾರೆ. ಮೇಲೆ ‘ಬ್ರಿಂಡ್ಜಾ’ ಎಂಬ ಕುರಿ ಹಾಲಿನ ಚೀಸ್. ಅಮೆರಿಕದ ಪಿಟ್ಸ್‌ಬರ್ಗ್‌ ಊರಿನಲ್ಲಿ ಹಲುಷ್ಕಿ ಕೇಳಿದರೆ ಬರುವುದು ಬೆಣ್ಣೆಯಲ್ಲಿ ಹುರಿದ ಎಲೆಕೋಸು, ಈರುಳ್ಳಿ ಮತ್ತು ಅಗಲ ನೂಡಲ್ಸ್! ಈಸ್ಟರಿಗೆ ಮುಂಚಿನ ಉಪವಾಸದ ಶುಕ್ರವಾರಗಳಲ್ಲಿ ಅಲ್ಲಿನ ಚರ್ಚುಗಳಲ್ಲಿ ಮಾರುವುದೂ ಇದನ್ನೇ. ಇದು ತಪ್ಪು ಹಲುಷ್ಕಿ ಎನ್ನಲು ನಾನು ಸಿದ್ಧನಿಲ್ಲ. ‘ಬಾತ್’ ಎಂದರೆ ಅನ್ನ. ನಮ್ಮಲ್ಲಿ ವಾಂಗಿಬಾತ್ ಅನ್ನದ್ದೇ, ಖಾರಾಬಾತ್ ಮಾತ್ರ ರವೆಯದು. ಅದನ್ನು ಯಾರೂ ತಪ್ಪು ಎನ್ನುವುದಿಲ್ಲ. ಹಾಗಾಗಿ ‘ಪಿಟ್ಸ್‌ಬರ್ಗ್ ಹಲುಷ್ಕಿ’ ಎಂದು ಊರಿನ ಹೆಸರು ಸೇರಿಸಿ ಬರೆಯೋಣ ಅಂದುಕೊಂಡಿದ್ದೇನೆ.

ಕೊಲಾಚಿನ ಗುಳಿಯಲ್ಲಿ ಇಡುವುದಕ್ಕೆ ‘ಹೂರಣ’ ಎನ್ನಬಹುದೇ? ಹೋಳಿಗೆಯ ಹೂರಣ, ಕಡುಬಿನ ಹೂರಣ ಹಿಟ್ಟಿನೊಳಗೆ ಮುಚ್ಚಿರುತ್ತದೆ. ಇದು ಮೇಲೆಯೇ ಕಾಣುತ್ತದೆ.

ಇನ್ನೊಂದು, ಶೀರ್ಷಿಕೆಗೆ ಬೇಕಾದದ್ದು. ‘ಆಹಾರ ಪರಂಪರೆಯ ಸಂರಕ್ಷಣೆ’ ಎಂದರೆ ಕೋಟೆ, ಕಾಡು ನೆನಪಾಗುತ್ತದೆ. ಐಯೋವಾದ ಸೀಡರ್ ರ‍್ಯಾಪಿಡ್ಸ್‌ನಲ್ಲಿರುವ ಚೆಕ್-ಸ್ಲೊವಾಕ್ ವಸ್ತುಸಂಗ್ರಹಾಲಯಕ್ಕಾದರೆ ಆ ಮಾತು ಒಪ್ಪುತ್ತದೆ. ಆದರೆ ಟೆಕ್ಸಾಸ್‌ನ ಕಾಲ್ಡ್‌ವೆಲ್ ಊರಿನಲ್ಲಿ ಪ್ರತಿ ಸೆಪ್ಟೆಂಬರಿನಲ್ಲಿ ಕೊಲಾಚೆ ಹಬ್ಬ ನಡೆಯುತ್ತದೆ, ಜನ ಪೈಪೋಟಿಗೆ ಬಿದ್ದು ಮಾಡಿ ತರುತ್ತಾರೆ. ಇದಕ್ಕೆ ‘ಉಳಿಸಿಕೊಂಡು ಬರುವುದು’ ಎಂಬ ಮಾತೇ ಹತ್ತಿರ ಅನಿಸುತ್ತದೆ. ಆದರೆ ಶೀರ್ಷಿಕೆಗೆ ಉದ್ದವಾಯಿತು. ಇದೇ ಅರ್ಥದ ಚಿಕ್ಕ ಪದ ನಿಮ್ಮ ಸೀಮೆಯ ಬಳಕೆಯಲ್ಲಿ ಇದ್ದರೆ ತಿಳಿಸಿ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನೂ ಒಮ್ಮೆ ಕೇಳಿ ನೋಡಿ.