ಕಾಗದದ ಫಿಲ್ಟರ್‌ನಲ್ಲಿ ನೀರು ಇಳಿಯುತ್ತಲೇ ಇಲ್ಲ, ಏನು ಮಾಡಲಿ?

ಸರಸ್ವತಿಪುರಂ_ಸೊಸೆ:
ಬೆಂಗಳೂರಿನಿಂದ ಬಂದಿದ್ದ ಮಗಳು ಕಾಫಿ ಸೋಸುವ ಪ್ಲಾಸ್ಟಿಕ್‌ನ ವಿ60 ಕೋನ್, ಒಂದು ಕಟ್ಟು ಕಾಗದದ ಫಿಲ್ಟರ್ ಕೊಟ್ಟು ಹೋದಳು. ಬಳಸುವುದು ಹೇಗೆಂದು ಹೇಳಿಕೊಡಲು ಅವಳಿಗೆ ಪುರುಸೊತ್ತಿರಲಿಲ್ಲ.

ನಾವು ತರಿಸುವುದು ಅಂಗಡಿಯಲ್ಲಿ ಹುರಿದು ಬೀಸಿಕೊಡುವ ಪುಡಿ. ನೂರಕ್ಕೆ ಇಪ್ಪತ್ತು ಪಾಲು ಚಿಕೋರಿ. ಅದನ್ನೇ ಮೂರು ಚಮಚ ಹಾಕಿ ಕುದಿಯುವ ನೀರು ಹೊಯ್ದರೆ ಮೊದಲ ಕಾಲು ಲೋಟ ಚೆನ್ನಾಗಿ ಇಳಿಯುತ್ತದೆ. ಆಮೇಲೆ ನಾಟಿಗೆ ಹದ ಮಾಡಿದ ಗದ್ದೆಯಂತೆ ನೀರು ನಿಂತೇಬಿಡುತ್ತದೆ. ಕಾದು ಕಾದು ಕುಡಿದರೆ ಬರೀ ಕಹಿ. ಅತ್ತೆಯವರು ಒಂದು ಗುಟುಕು ಕುಡಿದು, ‘ಕಷಾಯಕ್ಕೆ ಬೆಲ್ಲ ಹಾಕಲು ಮರೆತೆಯೇನಮ್ಮ?’ ಎಂದರು.

ತಪ್ಪು ಕೋನ್‌ನದೋ, ಕೈಯದೋ, ಪುಡಿಯದೋ? ಉದ್ದ ಕೊಕ್ಕಿನ ಕೆಟಲ್ ಇಲ್ಲದೆ ಆಗುವುದೇ ಇಲ್ಲ ಎನ್ನುತ್ತಾಳೆ ಮಗಳು. ಅಷ್ಟು ದುಡ್ಡು ಸುರಿಯಲು ನನಗಂತೂ ಮನಸ್ಸಿಲ್ಲ.

ತೋಟದ_ಕಡೆಯವನು (ಮೂಡಿಗೆರೆ):
ಕೋನ್ ಸರಿಯಿದೆ, ಕೈಯೂ ಸರಿಯಿದೆ. ಪುಡಿಯನ್ನು ಬದಲಾಯಿಸಿ.

ಚಿಕೋರಿ ಎಂದರೆ ಹುರಿದ ಬೇರು. ನೀರಿನಲ್ಲಿ ಬೇಗ ಕರಗಿ ಡಿಕಾಕ್ಷನ್ ಗಟ್ಟಿ ಮಾಡುತ್ತದೆ. ಸ್ಟೀಲ್ ಫಿಲ್ಟರ್‌ನಲ್ಲಿ ನಮಗೆ ಬೇಕಾದದ್ದೂ ಅದೇ. ನೀರು ನಿಧಾನವಾಗಿ ಇಳಿಯಬೇಕು, ಹಾಲು ಬೆರೆಸಿದರೂ ಕಾಫಿಯ ಬಣ್ಣ, ರುಚಿ ಉಳಿಯಬೇಕು. ಕಾಗದಕ್ಕೆ ಅದು ಶತ್ರು. ಸಾಲದ್ದಕ್ಕೆ ಫಿಲ್ಟರ್ ಕಾಫಿಗೆಂದು ಬೀಸಿದ ಪುಡಿ ತೀರಾ ನಯ. ಆ ನಯ ಪುಡಿ ಕಾಗದದ ರಂಧ್ರಗಳನ್ನು ಮುಚ್ಚುತ್ತದೆ, ನೀರು ಪುಡಿಯ ಜೊತೆಯಲ್ಲೇ ಕುಳಿತು ಕಹಿಯನ್ನೆಲ್ಲ ಎಳೆದುಕೊಳ್ಳುತ್ತದೆ.

ಅದೇ ಅಂಗಡಿಗೆ ಹೋಗಿ ‘ಪ್ಲಾಂಟೇಶನ್ ಎ’ ಕೇಳಿ. ತೊಳೆದು ಸಂಸ್ಕರಿಸಿದ ಅರೇಬಿಕಾ ಜಾತಿಯ ಕಾಫಿಗೆ ನಮ್ಮಲ್ಲಿ ಪ್ಲಾಂಟೇಶನ್ ಎನ್ನುತ್ತಾರೆ. ರೊಬಸ್ಟಾವನ್ನು ಹಾಗೆ ತೊಳೆದರೆ ಪಾರ್ಚ್‌ಮೆಂಟ್. ಹಣ್ಣನ್ನು ಇಡಿಯಾಗಿ ಒಣಗಿಸಿದರೆ ಎರಡೂ ಚೆರ್ರಿ. ಚಿಕೋರಿ ಬೇಡ, ಹುರಿಯುವುದು ಕಪ್ಪಾಗುವಷ್ಟು ಬೇಡ, ತರಿತರಿಯಾಗಿ ಬೀಸಿ ಎಂದು ಹೇಳಿ. ಬೆರಳಲ್ಲಿ ಉಜ್ಜಿದರೆ ಪುಡಿ ಉಪ್ಪಿನಷ್ಟು ತರಿ ಸಿಗಬೇಕು. ಅಂಗಡಿಯವರು ಹುಬ್ಬೇರಿಸುತ್ತಾರೆ, ಏರಿಸಲಿ. ನೂರು ಗ್ರಾಂ ಮಾತ್ರ ತನ್ನಿ. ಪುಡಿ ಮಾಡಿದ ಮೇಲೆ ಪರಿಮಳ ಹೆಚ್ಚು ದಿನ ನಿಲ್ಲುವುದಿಲ್ಲ.

ಚಮಚದ ಲೆಕ್ಕ ಬಿಟ್ಟು ಅಡುಗೆಮನೆಯ ತೂಕದ ಯಂತ್ರ ಬಳಸಿ. 15 ಗ್ರಾಂ ಪುಡಿಗೆ 240 ಮಿಲಿಲೀಟರ್ ನೀರು. ಖಾಲಿ ಕಾಗದದ ಮೇಲೆ ಮೊದಲು ಬಿಸಿನೀರು ಹೊಯ್ದು ಚೆಲ್ಲಿ, ಕಾಗದದ ವಾಸನೆ ಹೋಗುತ್ತದೆ. ಪುಡಿ ಹಾಕಿ, ಅದು ನೆನೆಯುವಷ್ಟು, ಸುಮಾರು 40 ಮಿಲಿಲೀಟರ್ ನೀರು ಹಾಕಿ ಮುಕ್ಕಾಲು ನಿಮಿಷ ಸುಮ್ಮನಿರಿ. ಹುರಿದಾಗ ಬೀಜದೊಳಗೆ ಸೇರಿಕೊಂಡ ಇಂಗಾಲದ ಡೈಆಕ್ಸೈಡ್ ಆಗ ಗುಳ್ಳೆಯಾಗಿ ಹೊರಬರುತ್ತದೆ. ಪುಡಿ ಉಬ್ಬದೆ ಸಪ್ಪಗೆ ಮಲಗಿದ್ದರೆ ಅದು ಹಳೆಯ ಸರಕೆಂದು ತಿಳಿಯಿರಿ. ಉಳಿದ ನೀರನ್ನು ಎರಡು ಕಂತಿನಲ್ಲಿ, ನಡುವಿನಿಂದ ಸುತ್ತುತ್ತಾ ಹೊಯ್ಯಿರಿ. ಎಲ್ಲ ಸೇರಿ ಮೂರು ನಿಮಿಷದ ಆಸುಪಾಸಿನಲ್ಲಿ ಮುಗಿಯಬೇಕು. ತಡವಾದರೆ ಮುಂದಿನ ಸಲ ಪುಡಿ ಇನ್ನಷ್ಟು ತರಿಯಾಗಿರಲಿ. ಬೇಗ ಮುಗಿದು ಹುಳಿ ಹುಳಿ ಎನಿಸಿದರೆ ಕೊಂಚ ನಯವಾಗಲಿ.

ಇನ್ನೊಂದು ಮಾತು, ಇದಕ್ಕೆ ಹಾಲು ಹಾಕಬೇಡಿ. ಹಾಲು ಬೇಕೆನ್ನುವವರು ಈ ದಾರಿಗೇ ಬರಬಾರದು ಎಂಬುದು ನನ್ನ ಖಡಕ್ ಅಭಿಪ್ರಾಯ.

ಹಳೇ_ಫಿಲ್ಟರ್:
ಜಪಾನಿನವರ ಈ ಆಟಿಕೆಯ ಹಿಂದೆ ಬಿದ್ದು ಇದ್ದ ಕಾಫಿಯನ್ನೂ ಕೆಡಿಸಿಕೊಳ್ಳುವುದೇಕೆ? ಹಿತ್ತಾಳೆ ಫಿಲ್ಟರ್, ಹಸುವಿನ ಹಾಲು, ಮುಗಿಯಿತು. ಅತ್ತೆಯವರ ಪರ ನನ್ನದೂ ಒಂದು ಮತ.

ತೋಟದ_ಕಡೆಯವನು (ಮೂಡಿಗೆರೆ):
ಸ್ವಾಮಿ, ಆ ಕೋನ್ ಮಾಡಿದ್ದು ಜಪಾನಿನ ಹರಿಯೊ ಕಂಪನಿ, ನಿಜ. ಆದರೆ ಕಾಗದದಲ್ಲಿ ಕಾಫಿ ಸೋಸುವುದು 1908ರಷ್ಟು ಹಳೆಯದು. ಜರ್ಮನಿಯ ಡ್ರೆಸ್ಡೆನ್‌ನಲ್ಲಿ ಮೆಲಿಟಾ ಬೆಂಟ್ಸ್ ಎಂಬ ಗೃಹಿಣಿ ತೂತು ಕೊರೆದ ಪಾತ್ರೆಯೊಳಗೆ ಮಗನ ಶಾಲೆಯ ಮಸಿಹೀರುವ ಕಾಗದ ಹಾಸಿ, ಪೇಟೆಂಟನ್ನೂ ಪಡೆದರು. ಕಾಫಿಯ ತಳದಲ್ಲಿ ಉಳಿಯುವ ಚರಟ ಆಕೆಗೆ ಆಗುತ್ತಿರಲಿಲ್ಲ. ನಮ್ಮ ಅಜ್ಜಿ ಪುಡಿ ಕುದಿಸಿ ಬಟ್ಟೆಯಲ್ಲಿ ಸೋಸುತ್ತಿದ್ದುದೂ ಅದೇ ಕಾರಣಕ್ಕೆ. ಕಾಗದ ಬೀಜದ ಎಣ್ಣೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಕಾಫಿ ತಿಳಿಯಾಗಿ, ಹಗುರವಾಗಿ ಇರುತ್ತದೆ. ನಿಮ್ಮ ಹಿತ್ತಾಳೆ ಫಿಲ್ಟರ್ ಮೇಲೆ ನನಗೇನೂ ಸಿಟ್ಟಿಲ್ಲ. ನಮ್ಮ ಮನೆಯಲ್ಲಿ ಬೆಳಿಗ್ಗೆ ಅದೇ, ಮಧ್ಯಾಹ್ನ ಇದು.

ಪುತ್ತೂರು_ಪೇಟೆ:
ಕೆಟಲ್ ಬೇಡ. ಕೈಕಾಲು ತೊಳೆಯಲು ಜಗಲಿಯಲ್ಲಿ ಇಡುವ ಗಿಂಡಿಯಂಥದ್ದೇ ಚಿಕ್ಕದೊಂದನ್ನು ಕಾಫಿಗೆಂದೇ ಬೇರೆ ಇಟ್ಟುಕೊಂಡಿದ್ದೇನೆ. ಅದರ ಕೊಂಬಿನಿಂದ ನೀರು ದಾರದ ಹಾಗೆ ಬೀಳುತ್ತದೆ. ಗಿಂಡಿಯ ಕುತ್ತಿಗೆಗೆ ದಪ್ಪ ಬಟ್ಟೆ ಸುತ್ತಿ ಹಿಡಿಯಿರಿ, ಇಲ್ಲವಾದರೆ ಕೈ ಸುಡುತ್ತದೆ.

ಜಯನಗರ_ನಾಲ್ಕನೇ_ಬ್ಲಾಕ್:
ನೀರಿನ ವಿಷಯ ಯಾರೂ ಹೇಳಲಿಲ್ಲ. ಬೆಂಗಳೂರು, ಮೈಸೂರಿನ ಎತ್ತರದಲ್ಲಿ ನೀರು 100 ಡಿಗ್ರಿಗೆ ಮುಂಚೆಯೇ, ಸುಮಾರು 97ಕ್ಕೆ ಕುದಿಯುತ್ತದೆ. ಆದ್ದರಿಂದ ಹದವಾಗಿ ಹುರಿದ ಪುಡಿಯಾದರೆ ಕುದಿ ನಿಂತ ಕೂಡಲೇ ಹೊಯ್ಯಬಹುದು. ಕಪ್ಪಗೆ ಹುರಿದದ್ದಾದರೆ ಒಂದೆರಡು ನಿಮಿಷ ಆರಲಿ. ಆರ್‌ಓ ನೀರು ಬಳಸುತ್ತಿದ್ದೀರಾ? ಅದರಲ್ಲಿ ಲವಣಾಂಶ ತೀರಾ ಕಡಿಮೆಯಾಗಿ ಕಾಫಿ ಸಪ್ಪೆ ಎನಿಸುತ್ತದೆ. ಬೋರ್‌ವೆಲ್ಲಿನ ಗಡಸು ನೀರಾದರೆ ಹುಳಿಯೂ ಪರಿಮಳವೂ ಮುಚ್ಚಿಹೋಗುತ್ತವೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್‌ನಲ್ಲಿ 150ರ ಆಸುಪಾಸು ಬರುವಂತೆ ನಾನು ಎರಡನ್ನೂ ಬೆರೆಸುತ್ತೇನೆ. ಮನೆಯವರು ನಗುತ್ತಾರೆ.

ಸರಸ್ವತಿಪುರಂ_ಸೊಸೆ:
ಎಲ್ಲರಿಗೂ ಧನ್ಯವಾದ. ಪ್ಲಾಂಟೇಶನ್ ಎ ತಂದೆ, ‘ಇಷ್ಟು ತರಿಯೇ?’ ಎಂದು ಅಂಗಡಿಯವರು ಎರಡು ಸಲ ಕೇಳಿದರು. ಗಿಂಡಿ ಇಲ್ಲ, ಚಿಕ್ಕ ಟೀ ಪಾಟ್‌ನಿಂದ ಹೊಯ್ದೆ. ಮೂರೂವರೆ ನಿಮಿಷಕ್ಕೆ ಇಳಿಯಿತು. ಕಹಿಯಿಲ್ಲ, ಕೊನೆಯಲ್ಲಿ ಸ್ವಲ್ಪ ಹುಳಿ ಇದೆ, ಕಿತ್ತಳೆಯ ಹುಳಿಯಂಥದ್ದು. ಅದು ಇರಬೇಕಾದದ್ದೋ ಅಥವಾ ಪುಡಿ ಇನ್ನೂ ನಯವಾಗಬೇಕೋ?

ತೋಟದ_ಕಡೆಯವನು (ಮೂಡಿಗೆರೆ):
ಕುಡಿದ ಮೇಲೆ ಬಾಯಿ ಸಿಹಿಯಾಗಿ ಉಳಿದರೆ ಅದು ಅರೇಬಿಕಾದ ಸಹಜ ಹುಳಿ, ಏನೂ ಬದಲಿಸಬೇಡಿ. ಹಸಿ ಹುಣಸೆಯಂತೆ ಹಲ್ಲು ಚುಳ್ಳೆಂದರೆ ಮಾತ್ರ ಪುಡಿ ಕೊಂಚ ನಯವಾಗಲಿ. ಹಳೆಯ ಚಿಕೋರಿ ಪುಡಿಯನ್ನು ಎಸೆಯಬೇಡಿ, ಅತ್ತೆಯವರ ಫಿಲ್ಟರ್‌ಗೆ ಹಾಕಿ.