ಛತ್ರದಲ್ಲಿ ಕ್ಯಾಮೆರಾದಿಂದ ಲ್ಯಾಪ್‌ಟಾಪ್‌ಗೆ ವೈಫೈ: ಈ ವಾರದ ಪ್ರಶ್ನೋತ್ತರ

ಅಡ್ಮಿನ್: ಈ ಸಲ ವಿಷಯ, ಕೇಬಲ್ ಇಲ್ಲದೆ ಕ್ಯಾಮೆರಾದಿಂದ ಲ್ಯಾಪ್‌ಟಾಪ್‌ಗೆ ಫೋಟೊ ಕಳಿಸೋದು. ಎಲ್‌ಇಡಿ ವಾಲ್‌ಗೆ, ಸ್ಥಳದಲ್ಲೇ ಪ್ರಿಂಟ್ ತೆಗೆಯೋಕೆ ಎಲ್ಲ ಕಡೆ ಕೇಳ್ತಿದ್ದಾರೆ. ಉತ್ತರ ಕೊಡೋರು ನಮ್ಮ ಟೆಕ್ನಿಷಿಯನ್ ಮೇಡಂ. ಕ್ಯಾಮೆರಾ ಮಾಡೆಲ್, ವಿಂಡೋಸೋ ಮ್ಯಾಕೋ, ಎರರ್ ನಂಬರ್ ಎಷ್ಟು, ಮೂರೂ ಬರೆದು ಕೇಳಿ.

ಮಂಡ್ಯ 50ಎಂಎಂ: ಮೇಡಂ, ನಮ್ದು ಕ್ಯಾನನ್ 1500ಡಿ. ವೈಫೈ ಐತೆ, ಫೋನಿಗೆ ಹೋಯ್ತದೆ. ಲ್ಯಾಪ್‌ಟಾಪ್‌ಗೆ ಹೆಂಗೆ?

ಟೆಕ್ನಿಷಿಯನ್: ನೇರವಾಗಿ ಆಗಲ್ಲ. 1300ಡಿ, 1500ಡಿ ಎರಡನ್ನೂ ಕ್ಯಾನನ್‌ನ ಲ್ಯಾಪ್‌ಟಾಪ್ ಸಾಫ್ಟ್‌ವೇರ್ ಇಒಎಸ್ ಯುಟಿಲಿಟಿ ವೈಫೈ ಮೇಲೆ ಹಿಡಿಯಲ್ಲ. ಫೋನಿಗೆ ಇಳಿಸಿ ಅಲ್ಲಿಂದ ಲ್ಯಾಪ್‌ಟಾಪ್‌ಗೆ ಹಾಕಿ, ಇಲ್ಲಾಂದ್ರೆ ಮಿನಿ ಯುಎಸ್‌ಬಿ ಕೇಬಲ್. ಮೈಕ್ರೊ ಅಲ್ಲ, ಮಿನಿ.

ಕರಾವಳಿ ಕ್ಲಿಕ್: ಕ್ಯಾನನ್ ಆರ್6, ವಿಂಡೋಸ್ 11, ಫೈಲ್‌ಝಿಲ್ಲಾ ಸರ್ವರ್ ಹಾಕಿದ್ದೇನೆ. ಮನೆಯಲ್ಲಿ ಸರಿ ಹೋಗುತ್ತದೆ. ಹಾಲ್‌ಗೆ ಹೋದರೆ ಎರರ್ 41. ಎಂತ ಮಾಡುವುದು ಮಾರಾಯ್ರೆ, ತಲೆ ಕೆಟ್ಟು ಹೋಗಿದೆ.

ಟೆಕ್ನಿಷಿಯನ್: ಮೂರೂ ಬರೆದಿದ್ದೀರಿ, ಸಂತೋಷ. 41 ಅಂದ್ರೆ ಕ್ಯಾಮೆರಾ ವೈಫೈಗೆ ಸೇರಿದೆ, ಎಫ್‌ಟಿಪಿ ಸರ್ವರ್ (ಲ್ಯಾಪ್‌ಟಾಪ್‌ನಲ್ಲಿ ಕೂತು ಫೋಟೊ ಇಳಿಸಿಕೊಳ್ಳೋ ಸಾಫ್ಟ್‌ವೇರ್, ನಿಮ್ಮ ಫೈಲ್‌ಝಿಲ್ಲಾ) ಸಿಕ್ಕಿಲ್ಲ. 61 ಬಂದಿದ್ರೆ ವೈಫೈ ಹೆಸರೇ ಕಾಣ್ತಿಲ್ಲ ಅಂತ, 21 ಬಂದಿದ್ರೆ ರೂಟರ್ ಐಪಿ, ಅಂದ್ರೆ ನೆಟ್‌ವರ್ಕ್‌ನಲ್ಲಿ ಸಾಧನದ ವಿಳಾಸದ ನಂಬರ್, ಕೊಟ್ಟಿಲ್ಲ ಅಂತ. ಕಾಯಿಲೆ ಬೇರೆ, ಔಷಧಿ ಬೇರೆ. ನಿಮ್ಮದಕ್ಕೆ ಹೀಗೆ ನೋಡ್ಕೊಂಡು ಬನ್ನಿ.

ಹಾಲ್‌ನವರ ವೈಫೈ ಬಳಸ್ತಿದ್ರೆ ಮೊದಲು ಅದನ್ನ ಬಿಡಿ. ಅತಿಥಿಗಳಿಗೆ ಅಂತ ಇಟ್ಟಿರೋ ವೈಫೈನಲ್ಲಿ ಒಂದು ಸಾಧನ ಇನ್ನೊಂದನ್ನ ನೋಡದ ಹಾಗೆ ಸಾಮಾನ್ಯವಾಗಿ ತಡೆ ಹಾಕಿರ್ತಾರೆ. ಎರಡೂ ಇಂಟರ್ನೆಟ್‌ಗೆ ಹೋಗ್ತವೆ, ಆದ್ರೆ ಕ್ಯಾಮೆರಾಗೆ ಲ್ಯಾಪ್‌ಟಾಪ್ ಕಾಣಲ್ಲ. ಪವರ್‌ಬ್ಯಾಂಕ್‌ನಲ್ಲಿ ನಡೆಯೋ 5 ವೋಲ್ಟಿನ ಪುಟ್ಟ ಟ್ರಾವೆಲ್ ರೂಟರ್ ಒಂದು ಇಟ್ಕೊಳ್ಳಿ. ಇಂಟರ್ನೆಟ್ ಬೇಕಿಲ್ಲ, ಸಿಮ್ ಬೇಕಿಲ್ಲ. ಲ್ಯಾಪ್‌ಟಾಪನ್ನ ಅದಕ್ಕೆ ಲ್ಯಾನ್ ಕೇಬಲ್‌ನಲ್ಲೇ ಸಿಕ್ಕಿಸಿ. ಲ್ಯಾಪ್‌ಟಾಪೂ ವೈಫೈನಲ್ಲಿದ್ರೆ ಒಂದೊಂದು ಫೋಟೊನೂ ಗಾಳಿಯಲ್ಲಿ ಎರಡು ಸಲ ಓಡಾಡ್ಬೇಕು: ಕ್ಯಾಮೆರಾದಿಂದ ರೂಟರ್‌ಗೆ, ರೂಟರ್‌ನಿಂದ ಲ್ಯಾಪ್‌ಟಾಪ್‌ಗೆ. ವೇಗ ಹೆಚ್ಚುಕಮ್ಮಿ ಅರ್ಧಕ್ಕೆ ಬೀಳತ್ತೆ.

ಎರಡನೇದು ವಿಂಡೋಸ್. ಹೊಸ ನೆಟ್‌ವರ್ಕ್ ಕಂಡ ಕೂಡಲೇ ಅದನ್ನ 'ಪಬ್ಲಿಕ್' ಅಂತ ಗುರುತು ಹಾಕ್ಕೊಳ್ಳತ್ತೆ. ನೀವು ಫೈರ್‌ವಾಲ್‌ನಲ್ಲಿ (ಹೊರಗಿನ ಸಂಪರ್ಕ ತಡೆಯೋ ಕಾವಲು) ಫೈಲ್‌ಝಿಲ್ಲಾಗೆ ಅನುಮತಿ ಕೊಟ್ಟಿರೋದು 'ಪ್ರೈವೇಟ್'ಗೆ ಮಾತ್ರ. ಮನೆ ಪ್ರೈವೇಟ್, ಹಾಲ್ ಪಬ್ಲಿಕ್. ನನ್ನ ಅಂದಾಜಿನಲ್ಲಿ ನಿಮ್ಮ ತೊಂದರೆ ಇದೇ. ನಿಮ್ಮ ಸ್ವಂತ ರೂಟರಿನ ನೆಟ್‌ವರ್ಕನ್ನ ಪ್ರೈವೇಟ್ ಮಾಡಿ.

ಮೂರನೇದು ಐಪಿ. ಮನೇಲಿ ಲ್ಯಾಪ್‌ಟಾಪ್‌ಗೆ ಸಿಕ್ಕಿದ್ದ ನಂಬರ್ ಬೇರೆ, ಅಲ್ಲಿ ಸಿಗೋದು ಬೇರೆ, ಕ್ಯಾಮೆರಾದಲ್ಲಿ ಇನ್ನೂ ಹಳೇದೇ ಕೂತಿರತ್ತೆ. ರೂಟರ್ ಸೆಟ್ಟಿಂಗ್‌ನಲ್ಲಿ ಲ್ಯಾಪ್‌ಟಾಪ್‌ಗೆ ಒಂದು ನಂಬರ್ ಕಾಯ್ದಿರಿಸಿ, ಉದಾಹರಣೆಗೆ 192.168.0.50. ಕ್ಯಾಮೆರಾದಲ್ಲಿ ಅದನ್ನೇ ಹಾಕಿ. ಪೋರ್ಟ್ (ಸಂಪರ್ಕದ ಬಾಗಿಲು) 21, ಪ್ಯಾಸಿವ್ ಮೋಡ್ (ಫೋಟೊ ಹರಿಯೋ ಸಂಪರ್ಕವನ್ನೂ ಕ್ಯಾಮೆರಾನೇ ಶುರು ಮಾಡೋದು) ಆನ್. ಫೈಲ್‌ಝಿಲ್ಲಾದಲ್ಲಿ ಪ್ಯಾಸಿವ್ ಪೋರ್ಟುಗಳು 50000ರಿಂದ 50100 ಅಂತ ಕೊಟ್ಟು, ಫೈರ್‌ವಾಲ್‌ನಲ್ಲೂ ಅಷ್ಟನ್ನೇ ತೆರೆಯಿರಿ. 21 ಬರೀ ಮಾತುಕತೆಗೆ, ಫೋಟೊ ಹರಿಯೋದು ಈ ಮೇಲಿನ ಪೋರ್ಟುಗಳಲ್ಲಿ. 'ಲಾಗಿನ್ ಆಗತ್ತೆ, ಫೋಟೊ ಬರಲ್ಲ' ಅನ್ನೋರದ್ದು ಇಲ್ಲೇ ಸಿಕ್ಕಿಕೊಂಡಿರತ್ತೆ.

ಸರ್ವರ್ ಲಾಗ್‌ನಲ್ಲಿ 503, 'ಯೂಸ್ ಆತ್ ಫಸ್ಟ್' ಅಂತ ಕಂಡ್ರೆ ಸರ್ವರ್ ಟಿಎಲ್‌ಎಸ್ (ಗೂಢಲಿಪಿಯ ಸಂಪರ್ಕ) ಬೇಕೇ ಬೇಕು ಅಂತ ಹಟ ಹಿಡಿದಿದೆ ಅಂತ ಅರ್ಥ. ಪೋರ್ಟ್ 21ರ ಪ್ರೋಟೊಕಾಲ್ ಆಯ್ಕೆಯಲ್ಲಿ ಸಾದಾ ಎಫ್‌ಟಿಪಿಗೂ ಅವಕಾಶ ಕೊಡಿ. ಕೊನೇದಾಗಿ ಕ್ಯಾಮೆರಾದಲ್ಲಿ ಆಟೊ ಪವರ್ ಆಫ್ ತೆಗೀರಿ, ಕ್ಯಾಮೆರಾ ಮಲಗಿದ್ರೆ ಕಳಿಸೋದೂ ನಿಲ್ಲತ್ತೆ. ಬ್ಯಾಟರಿ ಎರಡು ಹೆಚ್ಚಿಗೆ ಇರಲಿ.

ಕರಾವಳಿ ಕ್ಲಿಕ್: ಪಬ್ಲಿಕ್ ಅಂತಲೇ ಇತ್ತು! ಬದಲಿಸಿದೆ, ಹೋಗ್ತಾ ಉಂಟು. ಉಪಕಾರ ಆಯ್ತು.

ಹಳೇ ರೀಲು: ಇಷ್ಟೆಲ್ಲ ಸರ್ಕಸ್ ಯಾತಕ್ಕೆ ಸ್ವಾಮಿ? ಕಾರ್ಡ್ ತೆಗೆದು ರೀಡರ್‌ಗೆ ಹಾಕಿದ್ರೆ ಎರಡು ನಿಮಿಷ.

ಎಲ್‌ಇಡಿ ವಾಲ್: ಧಾರೆ ನಡೀತಿರೋವಾಗ ಕಾರ್ಡ್ ತೆಗೀತೀರಾ ಅಣ್ಣ?

ಹಳೇ ರೀಲು: ಡ್ಯುಯಲ್ ಸ್ಲಾಟ್ ಯಾಕಿದೆ?

ಎಲ್‌ಇಡಿ ವಾಲ್: ಸ್ಲಾಟ್ ಎರಡಿದ್ರೂ ಬಾಗಿಲು ಒಂದೇ. ಆ ಬಾಗಿಲು ತೆಗೆದ ಹೊತ್ತಿಗೆ ತಾಳಿ ಕಟ್ಟಿದ್ರೆ ಯಾರು ಜವಾಬ್ದಾರಿ?

ಟೆಕ್ನಿಷಿಯನ್: ಇಬ್ಬರೂ ಸರಿ, ಕೆಲಸ ಬೇರೆ ಬೇರೆ. ಆರ್6ರಲ್ಲಿ ವೇಗದ 5 ಗಿಗಾಹರ್ಟ್ಸ್ ವೈಫೈ ಇಲ್ಲ, ಬರೀ 2.4. ಛತ್ರದಲ್ಲಿ ಸೆಕೆಂಡಿಗೆ 2.5 ಎಂಬಿ ಸಿಕ್ಕರೆ ಅದೃಷ್ಟ. 8 ಎಂಬಿ ಜೆಪೆಗ್‌ಗೆ 3 ಸೆಕೆಂಡ್ ಚಿಲ್ಲರೆ, ವಾಲ್‌ಗೆ ಧಾರಾಳ ಸಾಕು. ಅದೇ 22 ಎಂಬಿ ರಾ ಫೈಲು (ಕ್ಯಾಮೆರಾದ ಸಂಸ್ಕರಿಸದ ಮೂಲ ಫೈಲು) 600 ಇದ್ರೆ ಸುಮಾರು ಒಂದೂವರೆ ಗಂಟೆ. ಸೆಕೆಂಡಿಗೆ 90 ಎಂಬಿ ಓದೋ ಕಾರ್ಡ್, ರೀಡರ್ ಇದ್ರೆ ಅದೇ ಕೆಲಸ ಎರಡೂವರೆ ನಿಮಿಷ. ಹಾಗಾಗಿ ರಾ+ಜೆಪೆಗ್‌ನಲ್ಲಿ ತೆಗೀರಿ, ಜೆಪೆಗ್ ಮಾತ್ರ ಕಳಿಸಿ, ರಾ ಕಾರ್ಡ್‌ನಲ್ಲೇ ಮನೆಗೆ ಬರಲಿ.

ಮೈಸೂರು ಫ್ರೇಮ್ಸ್: ನಿಕಾನ್ ಝಡ್6 2. ನಿಕಾನ್‌ನ ಫೋನ್ ಆ್ಯಪ್ ಸ್ನ್ಯಾಪ್‌ಬ್ರಿಜ್‌ನಲ್ಲಿ ಫೋಟೊ ಚಿಕ್ಕದಾಗಿ ಬರುತ್ತಲ್ಲ ಮೇಡಂ?

ಟೆಕ್ನಿಷಿಯನ್: ತಾನಾಗಿ ಬರೋದು 2 ಮೆಗಾಪಿಕ್ಸೆಲ್, ಅದು ಫೋನಿಗೆ ಮಾಡಿದ್ದು. ಲ್ಯಾಪ್‌ಟಾಪ್‌ಗೆ ನಿಕಾನ್‌ನ ವೈರ್‌ಲೆಸ್ ಟ್ರಾನ್ಸ್‌ಮಿಟರ್ ಯುಟಿಲಿಟಿ ಹಾಕಿ, ಮೆನುವಿನಲ್ಲಿ 'ಕನೆಕ್ಟ್ ಟು ಪಿಸಿ' ತಗೊಂಡು ಒಂದು ಸಲ ಜೋಡಿಸಿ. ಫುಲ್ ಸೈಜ್ ಬರತ್ತೆ.

ಶುಭೋದಯ ಬಳಗ: ಎಲ್ಲರಿಗೂ ಉಪಯುಕ್ತ, ಶೇರ್ ಮಾಡಿ. ಕ್ಯಾಮೆರಾ ವೈಫೈ 5 ಪಟ್ಟು ಸ್ಪೀಡ್ ಆಗಲು: 1. ವಿಂಡೋಸ್ ಫೈರ್‌ವಾಲ್ ಪೂರ್ತಿ ಆಫ್ ಮಾಡಿ. 2. ರೂಟರ್ ಹಿಂದೆ ಅಲ್ಯೂಮಿನಿಯಂ ಫಾಯಿಲ್ ಇಡಿ. 3. ಡಿಎನ್‌ಎಸ್ 8.8.8.8 ಮಾಡಿ.

ಟೆಕ್ನಿಷಿಯನ್: ಇದನ್ನ ಯಾರೂ ಮಾಡ್ಬೇಡಿ. ಡಿಎನ್‌ಎಸ್ ಕೆಲಸ ಹೆಸರನ್ನ ನಂಬರ್‌ಗೆ ಬದಲಾಯಿಸೋದು, ನಾವು ಕೊಡ್ತಿರೋದೇ ನಂಬರ್. ಫಾಯಿಲ್ ಇಟ್ರೆ ಒಂದು ಕಡೆ ಸಿಗ್ನಲ್ ಸಾಯತ್ತೆ, ಫೋಟೊಗ್ರಾಫರ್ ಆ ಕಡೆ ಹೋದಾಗ ಗೊತ್ತಾಗತ್ತೆ. ಇನ್ನು ಫೈರ್‌ವಾಲ್. ಸಾದಾ ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಬಟ್ಟೆ ಇಲ್ಲದೆ ಓಡಾಡತ್ತೆ. ಅದರ ಮೇಲೆ ಫೈರ್‌ವಾಲೂ ತೆಗೆದು ಹಾಲ್‌ನ ವೈಫೈನಲ್ಲಿ ಕೂತ್ರೆ ಲ್ಯಾಪ್‌ಟಾಪ್‌ನ ಬಾಗಿಲು ತೆಗೆದಿಟ್ಟು ಊಟಕ್ಕೆ ಹೋದ ಹಾಗೆ. ಬೇಕಿರೋ ಪೋರ್ಟ್ ಮಾತ್ರ ತೆರೀರಿ. ಎಫ್‌ಟಿಪಿ ಯೂಸರ್‌ಗೆ ಒಂದೇ ಫೋಲ್ಡರ್ ಕೊಡಿ, ಕೆಲಸ ಮುಗಿದ ಮೇಲೆ ಸರ್ವರ್ ನಿಲ್ಲಿಸಿ.

ಶುಭೋದಯ ಬಳಗ: ನಾನು ಬಂದಿದ್ದನ್ನ ಫಾರ್ವರ್ಡ್ ಮಾಡಿದೆ ಅಷ್ಟೆ.

ಧಾರವಾಡ ಲೆನ್ಸು: ಅಕ್ಕಾರ, ಫೋಟೊ ಫೋಲ್ಡರ್‌ಗೆ ಬರಾಕತ್ತಾವ, ಆದ್ರ ಲೈಟ್‌ರೂಮ್ ಕ್ಲಾಸಿಕ್ ಆಟೊ ಇಂಪೋರ್ಟ್ ಎತ್ಕೊಳ್ಳವಲ್ದು. ಇದೂ ಆರ್6.

ಟೆಕ್ನಿಷಿಯನ್: ಲೈಟ್‌ರೂಮ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್‌ನ ಆಟೊ ಇಂಪೋರ್ಟ್ ನೋಡೋ ಫೋಲ್ಡರ್ ಶುರುವಿನಲ್ಲಿ ಖಾಲಿ ಇರ್ಬೇಕು, ಒಳಗಿನ ಫೋಲ್ಡರ್‌ಗಳನ್ನ ಅದು ನೋಡಲ್ಲ. ಕ್ಯಾಮೆರಾದ ಎಫ್‌ಟಿಪಿ ಸೆಟ್ಟಿಂಗ್‌ನಲ್ಲಿ ಡೈರೆಕ್ಟರಿ ಸ್ಟ್ರಕ್ಚರ್ 'ಕ್ಯಾಮೆರಾ' ಅಂತ ಇದ್ರೆ ಒಳಗೊಂದು ಫೋಲ್ಡರ್ ತಾನೇ ಮಾಡ್ಕೊಂಡು ಅಲ್ಲಿ ಹಾಕತ್ತೆ. 'ಡೀಫಾಲ್ಟ್' ಮಾಡಿ.

ಧಾರವಾಡ ಲೆನ್ಸು: ಹೌದ್ರಿ, ಅದ ಇತ್ತು.

ಬೆಳಕು ನೆರಳು: ಮೇಡಂ, ಅರ್ಜೆಂಟ್. ಆರ್6, ಎಫ್‌ಟಿಪಿ. ನಿನ್ನೆ ಮದುವೆಯಲ್ಲಿ ಲ್ಯಾಪ್‌ಟಾಪ್‌ನಲ್ಲಿ 1,140 ಫೈಲ್ ಎಣಿಸಿ, ಸರಿ ಇದೆ ಅಂತ ಕಾರ್ಡ್ ಫಾರ್ಮ್ಯಾಟ್ ಮಾಡಿದೆವು. ಸಂಜೆ ಆರತಕ್ಷತೆಯದ್ದು 200 ಅದೇ ಕಾರ್ಡ್‌ನಲ್ಲಿ ತೆಗೆದಿದ್ದೇವೆ. ಈಗ ನೋಡಿದರೆ 0612ರಿಂದ 0648ರವರೆಗೆ 37 ಫೋಟೊ ತೆರೆಯುತ್ತಿಲ್ಲ, 0 ಕೆಬಿ ತೋರಿಸುತ್ತಿದೆ. ಅದು ಧಾರೆ ಹೊತ್ತು.

ಟೆಕ್ನಿಷಿಯನ್: ಕಾರ್ಡ್ ಈಗ ಎಲ್ಲಿದೆ? ಕ್ಯಾಮೆರಾದಲ್ಲಿದ್ರೆ ತೆಗೆದು ಪಕ್ಕದ ಲಾಕ್ ಕೆಳಗೆ ಮಾಡಿ. ಒಂದು ಫೋಟೊ ಕೂಡ ತೆಗೀಬೇಡಿ. ಫಾರ್ಮ್ಯಾಟ್ ಮಾಡುವಾಗ 'ಲೋ ಲೆವೆಲ್' ಟಿಕ್ ಹಾಕಿದ್ರಾ? ಜೆಪೆಗ್ ಮಾತ್ರನಾ? ಕಾರ್ಡ್ ಎಷ್ಟು ಜಿಬಿ?

ಬೆಳಕು ನೆರಳು: ಲೋ ಲೆವೆಲ್ ಹಾಕಿಲ್ಲ. ಜೆಪೆಗ್ ಮಾತ್ರ. 64 ಜಿಬಿ. ಲಾಕ್ ಮಾಡಿದೆ.

ಟೆಕ್ನಿಷಿಯನ್: ಹಾಗಾದ್ರೆ ಆಸೆ ಇದೆ. ಸಾದಾ ಫಾರ್ಮ್ಯಾಟ್ ಅಳಿಸೋದು ಫೈಲುಗಳ ಪಟ್ಟಿಯನ್ನ, ಫೋಟೊಗಳನ್ನಲ್ಲ. 1,140 ಫೋಟೊ ಅಂದ್ರೆ ಸುಮಾರು 9 ಜಿಬಿ. ಫಾರ್ಮ್ಯಾಟ್ ಆದ ಮೇಲೆ ಕ್ಯಾಮೆರಾ ಸಾಮಾನ್ಯವಾಗಿ ಕಾರ್ಡಿನ ಮೊದಲಿನಿಂದ ಬರೀತಾ ಬರತ್ತೆ. ಆರತಕ್ಷತೆಯ 200 ಫೋಟೊ ಅಂದ್ರೆ 1.6 ಜಿಬಿ, ಅವು ಕೂತಿರೋದು ಬೆಳಗಿನ ಮೊದಲ 200ರ ಜಾಗದಲ್ಲಿ. ಆ ಬೆಳಗಿನವು ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ಬಂದಿವೆ. ನಿಮ್ಮ 37 ಇರೋದು 600ರ ಆಸುಪಾಸಿನಲ್ಲಿ, ಅಂದ್ರೆ 5 ಜಿಬಿ ಹತ್ತಿರ. ಅಲ್ಲಿ ಇನ್ನೂ ಯಾರೂ ತುಳಿದಿರಲಾರರು.

ಮೊದಲು ಆರತಕ್ಷತೆಯ 200ನ್ನ ರೀಡರ್ ಮೂಲಕ ಕಾಪಿ ಮಾಡಿ, ಲಾಕ್ ಹಾಗೇ ಇರಲಿ. ವಿಂಡೋಸ್ 'ಸ್ಕ್ಯಾನ್ ಅಂಡ್ ಫಿಕ್ಸ್' ಕೇಳಿದ್ರೆ ಬೇಡ ಅನ್ನಿ. ಆಮೇಲೆ ಫೋಟೊರೆಕ್, ಅಳಿಸಿಹೋದ ಫೈಲು ಹುಡುಕಿ ತೆಗೆಯೋ ಸಾಫ್ಟ್‌ವೇರ್, ಅದು ಉಚಿತ. ಕಾರ್ಡ್ ಆರಿಸಿ, ಫೈಲ್ ವಿಧದಲ್ಲಿ ಜೆಪೆಗ್ ಮಾತ್ರ ಉಳಿಸಿ. ಖಾಲಿ ಜಾಗ ಮಾತ್ರ ಅಲ್ಲ, ಇಡೀ ಕಾರ್ಡ್ ಹುಡುಕೋ ಆಯ್ಕೆ ಕೊಡಿ. ಸಿಕ್ಕಿದ್ದನ್ನ ಲ್ಯಾಪ್‌ಟಾಪ್ ಡಿಸ್ಕಿಗೆ ಹಾಕಿ, ಅಪ್ಪಿತಪ್ಪಿ ಕೂಡ ಅದೇ ಕಾರ್ಡಿಗಲ್ಲ. ಹಳೇ ಹೆಸರು ಬರಲ್ಲ, ತೆಗೆದ ಸಮಯದ ಮೇಲೆ ಜೋಡಿಸಿ ಧಾರೆ ಹೊತ್ತಿನದು ಆರಿಸಿಕೊಳ್ಳಿ.

ಹೀಗೆ ಯಾಕಾಯ್ತು ಅಂದ್ರೆ, ಎಫ್‌ಟಿಪಿಯಲ್ಲಿ ಕ್ಯಾಮೆರಾ ಮೊದಲು 'ಈ ಹೆಸರಿನ ಫೈಲ್ ತೆರೆ' ಅನ್ನತ್ತೆ. ಸರ್ವರ್ ಖಾಲಿ ಫೈಲ್ ಮಾಡಿಟ್ಕೊಂಡು ಕಾಯತ್ತೆ. ಆಗ ಸಂಪರ್ಕ ತುಂಡಾದ್ರೆ ಹೆಸರು ಉಳಿಯತ್ತೆ, ಒಳಗೆ ಏನೂ ಇರಲ್ಲ. ಅರ್ಧ ಬಂದು ನಿಂತಿದ್ರೆ ಫೋಟೊ ಕೆಳಭಾಗ ಬೂದು ಬಣ್ಣ. ನೀವು ಎಣಿಸಿದ್ದು ಹೆಸರುಗಳನ್ನ. ಫೋಲ್ಡರನ್ನ ಸೈಜ್ ಪ್ರಕಾರ ಜೋಡಿಸಿದ್ರೆ 0 ಕೆಬಿಯವು ಒಂದೇ ಕಡೆ ಸಿಗ್ತಿದ್ವು. ಕ್ಯಾಮೆರಾದಲ್ಲೂ ಕಳಿಸಲಾಗದ ಫೋಟೊಗಳ ಲೆಕ್ಕ ಇರತ್ತೆ, ಮೆನುವಿನಿಂದ ಅವನ್ನಷ್ಟೇ ಮತ್ತೆ ಕಳಿಸಬಹುದಿತ್ತು.

ಧಾರೆ ಹೊತ್ತಿಗೇ ಆಗಿದ್ದು ಕಾಕತಾಳೀಯ ಅಲ್ಲ. ಜನ ಎದ್ದು ನಿಂತು ಮಂಟಪದ ಸುತ್ತ ಮುತ್ತಿಕೊಳ್ತಾರೆ. ಮನುಷ್ಯನ ಮೈಯಲ್ಲಿರೋ ನೀರು 2.4 ಗಿಗಾಹರ್ಟ್ಸನ್ನ ಚೆನ್ನಾಗಿ ಹೀರತ್ತೆ, ಜೊತೆಗೆ ಎಲ್ಲರ ಕೈಯಲ್ಲೂ ಫೋನು. ರೂಟರ್ ಟೇಬಲ್ ಕೆಳಗಿದ್ರೆ ಮುಗೀತು. ಲೈಟ್ ಸ್ಟ್ಯಾಂಡ್‌ಗೆ ಕಟ್ಟಿ 7-8 ಅಡಿ ಎತ್ತರಕ್ಕೇರಿಸಿ. ಚಾನೆಲ್ 'ಆಟೊ' ಬಿಟ್ಟು 1, 6, 11ರಲ್ಲಿ ಖಾಲಿ ಇರೋದನ್ನ ಹಿಡೀರಿ, ಅಗಲ 20 ಮೆಗಾಹರ್ಟ್ಸ್.

ಹಳೇ ರೀಲು: ನಾನು ಹೇಳಿದ್ದೂ ಇದೇ. ಕಾರ್ಡ್ ರೀಡರ್.

ಎಲ್‌ಇಡಿ ವಾಲ್: ಅಣ್ಣ, ಅವರು ಕೆಟ್ಟಿದ್ದು ವೈಫೈಯಿಂದ ಅಲ್ಲ, ಫಾರ್ಮ್ಯಾಟ್‌ನಿಂದ. ರೀಡರ್‌ನಲ್ಲಿ ಅರ್ಧ ಕಾಪಿ ಆಗಿ ಫಾರ್ಮ್ಯಾಟ್ ಮಾಡಿದವರಿಲ್ವಾ?

ಹಳೇ ರೀಲು: ಮದುವೆ ಮುಗಿಯೋ ಮುಂಚೆ ಫಾರ್ಮ್ಯಾಟ್ ಮಾಡೋದು ನಿಮ್ಮ ಕಾಲದ ಬುದ್ಧಿ. ನಾವು ನೆಗೆಟಿವ್ ಇಪ್ಪತ್ತು ವರ್ಷ ಇಡ್ತಿದ್ವಿ.

ಎಲ್‌ಇಡಿ ವಾಲ್: ಫಂಗಸ್ ಹಿಡಿಸಿ.

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಗದಗ ಶಟರ್: ಎರಡು ಕ್ಯಾಮೆರಾ ಒಂದ ಫೋಲ್ಡರ್‌ಗೆ ಕಳಿಸಬಹುದೇನ್ರಿ?

ಟೆಕ್ನಿಷಿಯನ್: ಬೇಡ. ಎರಡರಲ್ಲೂ ಒಂದೇ ನಂಬರಿನ ಫೋಟೊ ಬಂದ್ರೆ ಒಂದು ಇನ್ನೊಂದನ್ನ ನುಂಗತ್ತೆ. ಇಬ್ಬರಿಗೂ ಬೇರೆ ಯೂಸರ್, ಬೇರೆ ಫೋಲ್ಡರ್. ಕ್ಯಾಮೆರಾದಲ್ಲಿ ಫೈಲ್ ಹೆಸರಿನ ಮೊದಲ ಅಕ್ಷರಗಳನ್ನೂ ಬದಲಾಯಿಸಿ. 'ಓವರ್‌ರೈಟ್ ಸೇಮ್ ಫೈಲ್' ಆಫ್.

ಚಿಕ್ಕಮಗಳೂರು ಮಂಜು ಮೋಡ: ಫ್ಯೂಜಿ ಎಕ್ಸ್‌ಟಿ3ಗೆ ಏನು ದಾರಿ?

ತುಮಕೂರು ಫ್ಲ್ಯಾಶ್: ನಿಕಾನ್‌ನಲ್ಲಿ ಫೋಟೊ 2 ಎಂಪಿ ಬರ್ತಿದೆ ಯಾಕೆ?

ಟೆಕ್ನಿಷಿಯನ್: ಮೇಲೆ ಬರೆದಿದೆ.

ಹಾಸನ ಫೋಕಸ್: ರೂಟರ್ ಬದಲು ಫೋನ್ ಹಾಟ್‌ಸ್ಪಾಟ್ ಸಾಲದಾ?

ಟೆಕ್ನಿಷಿಯನ್: ಒಂದು ಕ್ಯಾಮೆರಾಗೆ ಸಾಕು. ಬ್ಯಾಂಡ್ 2.4 ಮಾಡಿ, ಐಫೋನಾದ್ರೆ 'ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ' ಆನ್. ಲ್ಯಾಪ್‌ಟಾಪಿನ ಐಪಿ ಪ್ರತಿ ಸಲ ನೋಡ್ಕೊಳ್ಳಿ, ಬದಲಾಗಬಹುದು.

ಜಯನಗರ ಕ್ಲಿಕ್ಸ್: ಮ್ಯಾಕ್‌ನಲ್ಲಿ 'ರಿಮೋಟ್ ಲಾಗಿನ್' ಆನ್ ಮಾಡಿದ್ರೆ ಎಫ್‌ಟಿಪಿ ಶುರು ಆಗತ್ತೆ, ಸಾಫ್ಟ್‌ವೇರ್ ಬೇಡ.

ಟೆಕ್ನಿಷಿಯನ್: ತಪ್ಪು. ಅದು ಎಸ್‌ಎಫ್‌ಟಿಪಿ, ಹೆಸರು ಹತ್ತಿರ, ವಸ್ತು ಬೇರೆ. ಮ್ಯಾಕ್ ತನ್ನ ಎಫ್‌ಟಿಪಿ ಸರ್ವರನ್ನ ಹಿಂದೆಯೇ ತೆಗೆದುಹಾಕಿದೆ. ಬೇರೆ ಸರ್ವರ್ ಹಾಕಲೇಬೇಕು.

ಜಯನಗರ ಕ್ಲಿಕ್ಸ್: ನಮ್ಮ ಹುಡುಗ ಮಾಡ್ತಾನೆ ಮೇಡಂ.

ಟೆಕ್ನಿಷಿಯನ್: ಹಾಗಾದ್ರೆ ಹುಡುಗನನ್ನೇ ಕೇಳಿ.

ಶುಭೋದಯ ಬಳಗ: ಹಳೆ ಕ್ಯಾಮೆರಾಗೆ ವೈಫೈ ಬೇಕೇ? ಐ-ಫೈ ಕಾರ್ಡ್ ಕೊಳ್ಳಿ, ಯಾವ ಕ್ಯಾಮೆರಾದಲ್ಲೂ ನಡೆಯುತ್ತದೆ. ಆರ್6ಗೆ 5 ಗಿಗಾಹರ್ಟ್ಸ್ ತೆರೆಯುವ ಫರ್ಮ್‌ವೇರ್ ಲಿಂಕ್ ಕೆಳಗಿದೆ.

ಟೆಕ್ನಿಷಿಯನ್: ಐ-ಫೈ ಹಳೇ ಕಾರ್ಡುಗಳಿಗೆ 2016ರಲ್ಲೇ ಬೆಂಬಲ ನಿಂತಿದೆ, ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡು ದುಡ್ಡು ಕಳ್ಕೊಬೇಡಿ. ಆರ್6ರಲ್ಲಿ 5 ಗಿಗಾಹರ್ಟ್ಸ್ ರೇಡಿಯೊನೇ ಇಲ್ಲ, ಇಲ್ಲದ್ದನ್ನ ಯಾವ ಫರ್ಮ್‌ವೇರ್ (ಕ್ಯಾಮೆರಾದ ಒಳಗಿನ ಸಾಫ್ಟ್‌ವೇರ್) ತೆರೆಯತ್ತೆ? ಆ ಲಿಂಕಿನದ್ದನ್ನ ಹಾಕಿದ್ರೆ ಕ್ಯಾಮೆರಾ ಕೆಲಸಕ್ಕೆ ಬಾರದ ಇಟ್ಟಿಗೆ ಆಗಬಹುದು. ಅಡ್ಮಿನ್, ದಯವಿಟ್ಟು ಅದನ್ನ ಡಿಲೀಟ್ ಮಾಡಿ. ಮೂರನೇ ಸಲ ಹೇಳಲ್ಲ.

ಅಡ್ಮಿನ್: ತೆಗೆದಿದ್ದೇನೆ.

ದಾವಣಗೆರೆ ಝೂಮ್: 1500ಡಿ ಇಂದ ಲ್ಯಾಪ್‌ಟಾಪ್‌ಗೆ ವೈಫೈ ಹೇಗೆ ಮೇಡಂ?

ಮಂಡ್ಯ 50ಎಂಎಂ: ಆಗಕ್ಕಿಲ್ಲ ಕಣಣ್ಣ. ಮೊದಲ್ನೇ ಪ್ರಶ್ನೆನೇ ನಂದು, ಮೇಲಕ್ಕೋಗಿ ಓದು.

ಬೆಳಕು ನೆರಳು: ಫೋಟೊರೆಕ್ ಓಡುತ್ತಿದೆ. 400ಕ್ಕಿಂತ ಹೆಚ್ಚು ಸಿಕ್ಕಿವೆ. ಧಾರೆಯವೂ ಬರುತ್ತಿವೆ, ಒಂದೆರಡರ ಕೆಳಭಾಗ ಮಾತ್ರ ಹಾಳಾಗಿದೆ.

ಟೆಕ್ನಿಷಿಯನ್: ಪೂರ್ತಿ ಮುಗಿಯೋವರೆಗೆ ಬಿಡಿ, ನಡುವೆ ನಿಲ್ಲಿಸಬೇಡಿ. ಹಾಳಾದವನ್ನ ಅಳಿಸಬೇಡಿ. ಆಲ್ಬಂ ಪ್ರಿಂಟ್ ಆಗೋವರೆಗೆ ಆ ಕಾರ್ಡ್ ಲಾಕ್‌ನಲ್ಲೇ ಡ್ರಾಯರ್‌ನಲ್ಲಿರಲಿ.

ಚಿಕ್ಕಮಗಳೂರು ಮಂಜು ಮೋಡ: ಫ್ಯೂಜಿ?